ಓದಲು ಬರುತ್ತದೆ, ಆಡಲು ಬಾರದು

(ಮುಶಿಗೇರಿಯಲ್ಲಿ ಪಾಲಕರು ಮತ್ತು ಶಿಕ್ಷಕರ ಮುಂದೆ ಮಾಡಿದ ಭಾಷಣದ ಪಾಠ)



ನಮ್ಮ ಭಾಗದ ಹಳ್ಳಿಗಳಲ್ಲಿ ಡಿಗ್ರಿ ಮುಗಿಸಿದ ಎಷ್ಟೋ ಹುಡುಗ ಹುಡುಗಿಯರು ಇಂಗ್ಲಿಷ್ ಪತ್ರಿಕೆ ಕೊಟ್ಟರೆ ನಿಧಾನವಾಗಿಯಾದರೂ ಓದಿ ಅರ್ಥ ಹೇಳುತ್ತಾರೆ. ಅರ್ಜಿ ಬರೆಯುತ್ತಾರೆ. ಅದೇ ಮಕ್ಕಳು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಸಂದರ್ಶನಕ್ಕೆ ಕೂತಾಗ, ‘ನಿಮ್ಮ ಬಗ್ಗೆ ನಾಲ್ಕು ಮಾತು ಹೇಳಿ’ ಎಂದರೆ ಗಂಟಲು ಕಟ್ಟುತ್ತದೆ. ಕೆಲಸ ತಪ್ಪುತ್ತದೆ. ಊರಿಗೆ ಬಂದು ‘ನನಗ ಇಂಗ್ಲಿಷ್ ಬರೂದಿಲ್ಲ’ ಅನ್ನುತ್ತಾರೆ. ಬರುತ್ತದೆ. ಕಣ್ಣಿಗೆ ಬಂದಿದೆ, ಕಿವಿಗೂ ನಾಲಿಗೆಗೂ ಬಂದಿಲ್ಲ. ಹೀಗೇಕಾಯಿತು ಎಂಬುದನ್ನು ಇಂದು ವಿಚಾರ ಮಾಡೋಣ.

ಮೊದಲು ಒಂದು ಸಣ್ಣ ಲೆಕ್ಕ. ತರಗತಿಯಲ್ಲಿ 60 ಮಕ್ಕಳು, ಪಿರಿಯಡ್ಡು 40 ನಿಮಿಷದ್ದು ಎಂದು ಇಟ್ಟುಕೊಳ್ಳಿ. ಮಾಸ್ತರರು ಬಾಯಿಯನ್ನೇ ತೆರೆಯದೆ ಮಕ್ಕಳಿಗೇ ಸರದಿ ಕೊಟ್ಟರೂ ಒಂದು ಮಗುವಿನ ಪಾಲಿಗೆ ಬರುವುದು 40 ಸೆಕೆಂಡು. ವರ್ಷಕ್ಕೆ 200 ದಿನ ಸಾಲಿ ನಡೆದರೆ ಎರಡು ತಾಸು, ಹದಿಮೂರು ನಿಮಿಷ. ಐದು ವರ್ಷಕ್ಕೆ ಹನ್ನೊಂದು ತಾಸು. ಇನ್ನು ಮಾಸ್ತರರು ಪಾಠ ಓದಿ, ಅರ್ಥ ಹೇಳಿ, ಪ್ರಶ್ನೋತ್ತರ ಬರೆಸಿದ ಮೇಲೆ ಈ ಹನ್ನೊಂದರಲ್ಲಿ ಉಳಿಯುವುದೆಷ್ಟು? ಹನ್ನೊಂದು ತಾಸು ಎತ್ತು ಹೂಡಿದವನು ಒಕ್ಕಲಿಗನಾಗುವುದಿಲ್ಲ. ಮಾಸ್ತರರನ್ನಾಗಲಿ ಮಕ್ಕಳನ್ನಾಗಲಿ ಬೈದು ಫಲವಿಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಸಂಗತಿ ಇಟ್ಟು ನೋಡಿರಿ. ಮಳೆ ಕೈಕೊಟ್ಟ ವರ್ಷ ನಮ್ಮ ಸೀಮೆಯ ಜನ ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋಗುತ್ತಾರೆ. ಸಹಿ ಮಾಡಲೂ ಬಾರದ ಹೆಣ್ಣುಮಗಳು ವರ್ಷದೊಳಗೆ ಕೊಂಕಣಿಯಲ್ಲೋ ಹಿಂದಿಯಲ್ಲೋ ಕೂಲಿಯ ಲೆಕ್ಕ ಕೇಳುತ್ತಾಳೆ, ಮೀನು ಮಾರುವವಳ ಜೊತೆ ಚೌಕಾಶಿ ಮಾಡುತ್ತಾಳೆ. ಆಕೆಗೆ ವ್ಯಾಕರಣ ಕಲಿಸಿದವರಾರು? ದಿನವಿಡೀ ಆ ಭಾಷೆ ಕಿವಿಗೆ ಬಿತ್ತು. ಮಾತಾಡದಿದ್ದರೆ ನಡೆಯುತ್ತಿರಲಿಲ್ಲ. ಬಹು ಮುಖ್ಯವಾಗಿ, ಆಕೆ ತಪ್ಪಾಡಿದಾಗ ಕೆಂಪು ಶಾಯಿಯಿಂದ ಗೀಟು ಎಳೆಯುವವರಿರಲಿಲ್ಲ. ನಮ್ಮ ತರಗತಿಯಲ್ಲಿ ಈ ಮೂರೂ ಇಲ್ಲ. ‘ಶಿ ಗೋ’ ಅಂದ ಮಗುವನ್ನು ನೋಡಿ ಇಡೀ ತರಗತಿ ನಗುತ್ತದೆ. ಆ ನಗೆ ಎಷ್ಟೋ ಮಕ್ಕಳ ಬಾಯಿಯನ್ನು ಡಿಗ್ರಿಯವರೆಗೂ ಮುಚ್ಚಿಸುತ್ತದೆ.

ಭಾಷೆಯೊಳಗಿನ ತೊಡಕೂ ಉಂಟು. ಕನ್ನಡದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಅದರದರ ತೂಕವಿದೆ, ಬರೆದದ್ದನ್ನೆಲ್ಲ ಉಚ್ಚರಿಸುತ್ತೇವೆ. ಇಂಗ್ಲಿಷಿನವರು ಪದದ ಒಂದು ಭಾಗವನ್ನು ಒತ್ತಿ ಉಳಿದದ್ದನ್ನು ನುಂಗುತ್ತಾರೆ. ನಾವು ‘ವೆಜಿಟೇಬಲ್’ ಎಂದು ಬಿಡಿಸಿ ಹೇಳುವುದು ಅವರ ಬಾಯಲ್ಲಿ ‘ವೆಜ್‌ಟಬಲ್’ ಆಗುತ್ತದೆ. ಕಾಗದದ ಮೇಲೆ ಗುರುತಿರುವ ಪದ ಕಿವಿಗೆ ಬಿದ್ದಾಗ ಅಪರಿಚಿತವಾಗುವುದು ಇದರಿಂದಲೇ. ಇನ್ನು ವಾಕ್ಯ. ‘ನಾನು ನಿನ್ನೆ ರೋಣದ ಸಂತೆಗೆ ಹೋಗಿದ್ದೆ’ ಎನ್ನುವಾಗ ಕ್ರಿಯಾಪದ ಕಟ್ಟಕಡೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ‘ನಾನು’ ಆದ ಕೂಡಲೇ ‘ಹೋದೆ’ ಬೇಕು, ಸಂತೆ ಆಮೇಲೆ, ನಿನ್ನೆ ಇನ್ನೂ ಆಮೇಲೆ. ಮನಸ್ಸಿನಲ್ಲಿ ಕನ್ನಡ ವಾಕ್ಯ ಕಟ್ಟಿ, ಅದನ್ನು ತಿರುವಿ, ಕಾಲ ಹೊಂದಿಸಿ ಬಾಯಿ ತೆರೆಯುವ ಹೊತ್ತಿಗೆ ಕೇಳಿದವನು ಮುಂದಿನ ಪ್ರಶ್ನೆಗೆ ಹೋಗಿರುತ್ತಾನೆ. ಬರೆಯುವಾಗ ತಿರುವಲು ಪುರಸೊತ್ತು ಸಿಗುತ್ತದೆ, ಮಾತಿನಲ್ಲಿ ಸಿಗುವುದಿಲ್ಲ. ‘ಊಟ ಆತೇನ್ರಿ’ ಎಂಬುದನ್ನು ನಾವು ಬಿಡಿಬಿಡಿಯಾಗಿ ಕಟ್ಟುವುದಿಲ್ಲ, ಇಡಿಯಾಗಿಯೇ ಅದು ಬಾಯಿಗೆ ಬರುತ್ತದೆ. ಇಂಗ್ಲಿಷಿನಲ್ಲೂ ಅಂಥ ಇಡೀ ಮಾತುಗಳು ನೂರಾರು ಸಂಗ್ರಹವಾದಾಗಲೇ ಸರಾಗ ಬರುವುದು. ಹಿಂದೆ ಕಪಿಲ್ ದೇವ್ ಜಾಹೀರಾತಿನೊಂದಿಗೆ ಮನೆಮನೆಗೆ ಬಂದ ರ‍್ಯಾಪಿಡೆಕ್ಸ್ ಪುಸ್ತಕದಲ್ಲಿ ಇಂಥ ಮಾತುಗಳೇನೋ ಇದ್ದವು. ಆದರೆ ಈಜುವುದನ್ನು ಪುಸ್ತಕ ನೋಡಿ ಕಲಿತವರುಂಟೇ?

ಹಾಗಾದರೆ ಒಂದನೆಯ ಇಯತ್ತೆಯಿಂದಲೇ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರಾಯಿತು ಎನ್ನುವವರಿದ್ದಾರೆ. 1956ರ ವರೆಗೆ ನಮ್ಮ ಈ ಪ್ರದೇಶ ಮುಂಬಯಿ ರಾಜ್ಯದಲ್ಲಿತ್ತು. ಸ್ವಾತಂತ್ರ್ಯ ಬಂದ ಮೇಲೆ ಆ ಸರ್ಕಾರ ಇಂಗ್ಲಿಷನ್ನು ಎಂಟನೆಯ ಇಯತ್ತೆಗೆ ಸರಿಸಿತ್ತು. ಕನ್ನಡದಲ್ಲಿ ಬೇರು ಬಿಟ್ಟ ಆ ಕಾಲದವರಲ್ಲೇ ದೊಡ್ಡ ಇಂಗ್ಲಿಷ್ ಪ್ರಾಧ್ಯಾಪಕರಾದವರುಂಟು. ಇಲ್ಲೇ ಅಬ್ಬಿಗೇರಿಯಲ್ಲಿ 1939ರಲ್ಲಿ ಹುಟ್ಟಿದ ಗಿರಡ್ಡಿ ಗೋವಿಂದರಾಜರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸಿದರು. ಅವರಿಗಿಂತ ಹಿರಿಯರಾದ ಗದುಗಿನ ಕೀರ್ತಿನಾಥ ಕುರ್ತಕೋಟಿಯವರು ಗುಜರಾತಿಗೆ ಹೋಗಿ ಇಂಗ್ಲಿಷ್ ಕಲಿಸಿದರು. ಸವಣೂರಿನ ವಿ.ಕೃ. ಗೋಕಾಕರು ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದರು. ಕನ್ನಡವೇ ಪ್ರಥಮ ಭಾಷೆಯಾಗಿರಬೇಕೆಂಬ 1981ರ ವರದಿಯೂ ಅವರದೇ. ಇವರೆಲ್ಲ ಅಸಾಧಾರಣರು, ನಿಜ. ತಡವಾಗಿ ಕಲಿಯುವುದೇ ಒಳ್ಳೆಯದೆಂದೂ ನಾನು ಹೇಳುತ್ತಿಲ್ಲ. ಉಚ್ಚಾರವಂತೂ ಎಳೆಯ ವಯಸ್ಸಿನಲ್ಲಿ ಚೆನ್ನಾಗಿ ಹತ್ತುತ್ತದೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ಆದರೂ ಸಂದರ್ಶನದಲ್ಲಿ ಗಂಟಲು ಕಟ್ಟುವುದು ನಿಂತಿಲ್ಲ. ಎಂದು ಶುರು ಮಾಡಿದೆವು ಎಂಬುದಕ್ಕಿಂತ ತರಗತಿಯಲ್ಲಿ ಏನು ಮಾಡಿದೆವು ಎಂಬುದೇ ದೊಡ್ಡ ಪ್ರಶ್ನೆ.

ಈ ಪ್ರಶ್ನೆಯನ್ನು ಜಗತ್ತೇ ತಿರುಗಿ ನೋಡುವಂತೆ ಕೇಳಿದ ಪ್ರಯೋಗವೊಂದು ನಮ್ಮ ರಾಜ್ಯದ ಹೆಸರಿನಲ್ಲೇ ಇದೆ. ಅದು ‘ಬೆಂಗಳೂರು ಪ್ರಾಜೆಕ್ಟ್’. ಎನ್.ಎಸ್. ಪ್ರಭು ಎಂಬ ವಿದ್ವಾಂಸರು 1979ರಿಂದ 1984ರ ವರೆಗೆ, ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ನೆರವಿನಿಂದ, ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಇದನ್ನು ನಡೆಸಿದರು. ವ್ಯಾಕರಣದ ಪಾಠ ಬದಿಗಿಟ್ಟು ಮಕ್ಕಳಿಗೆ ಇಂಗ್ಲಿಷಿನಲ್ಲಿ ಕೆಲಸ ಕೊಟ್ಟರು: ರೈಲಿನ ವೇಳಾಪಟ್ಟಿ ನೋಡಿ ಯಾವ ಗಾಡಿ ಹಿಡಿಯಬೇಕು ಹೇಳು, ನಕ್ಷೆ ನೋಡಿ ದಾರಿ ಹೇಳು. ಮಗುವಿನ ಲಕ್ಷ್ಯವೆಲ್ಲ ಗಾಡಿ ತಪ್ಪಬಾರದೆಂಬುದರ ಮೇಲೆ. ಭಾಷೆ ಅದರ ಜೊತೆಗೇ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ವಾದ. ಮೊದಮೊದಲು ಮಗು ಒಂದೇ ಪದದಲ್ಲಿ ಉತ್ತರಿಸಿದರೂ ಸಾಕಿತ್ತು. ತಿಳಿಯುವುದು ಮೊದಲು, ಆಡುವುದು ಆಮೇಲೆ. ಈ ಪದ್ಧತಿಯ ಬಗ್ಗೆ ವಿದ್ವಾಂಸರಲ್ಲಿ ವಾದವಿವಾದ ನಡೆದೇ ಇದೆ. ವ್ಯಾಕರಣವನ್ನು ಪೂರ್ತಿ ಬಿಡುವುದು ನನಗೂ ಒಪ್ಪಿಗೆಯಿಲ್ಲ. ಆದರೆ ಗೋವಾಕ್ಕೆ ಹೋದ ನಮ್ಮ ಹೆಣ್ಣುಮಗಳು ಬದುಕಿನಲ್ಲಿ ಕಲಿತ ರೀತಿಗೆ ಇದಕ್ಕಿಂತ ಹತ್ತಿರ ಬಂದ ತರಗತಿಯನ್ನು ನಾನು ಕಾಣೆ.

ಮುಶಿಗೇರಿಯಲ್ಲಿ ಇದನ್ನು ಮಾಡಲು ದುಡ್ಡು ಬೇಕಿಲ್ಲ. ಹೊಳೆಆಲೂರು ಸ್ಟೇಷನ್ನಿನ ವೇಳಾಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು ತನ್ನಿರಿ. ಗದಗಿನಲ್ಲಿ ಹತ್ತು ಗಂಟೆಗೆ ಕೆಲಸವಿದೆ, ಯಾವ ಗಾಡಿ, ಎಷ್ಟಕ್ಕೆ ಮನೆ ಬಿಡಬೇಕು, ಗಾಡಿ ಒಂದು ತಾಸು ತಡವಾದರೆ ಏನು ಮಾಡುವೆ ಎಂದು ಇಂಗ್ಲಿಷಿನಲ್ಲಿ ಕೇಳಿರಿ. 60 ಮಕ್ಕಳನ್ನು ಇಬ್ಬಿಬ್ಬರಂತೆ ಕೂಡಿಸಿದರೆ ಒಂದೇ ಹೊತ್ತಿಗೆ 30 ಬಾಯಿ ಆಡುತ್ತವೆ. 40 ಸೆಕೆಂಡಿನ ಪಾಲು 20 ನಿಮಿಷವಾಗುತ್ತದೆ. ಪ್ರಭು ಅವರು ಮಕ್ಕಳನ್ನು ಹೀಗೆ ತಂಡ ಮಾಡುವುದನ್ನು ಅಷ್ಟಾಗಿ ಒಪ್ಪಿದವರಲ್ಲ. ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟೀತೆಂದು. ಅಂಟಲಿ, ಮಾತು ಹರಿದ ಮೇಲೆ ತಿದ್ದಬಹುದು. ಮನೆಯಲ್ಲಿ ಮೊಬೈಲ್ ಇದ್ದರೆ ಕನ್ನಡ ವಾರ್ತೆ ಕೇಳಿಸಿ, ಆಮೇಲೆ ಅದೇ ದಿನದ ಇಂಗ್ಲಿಷ್ ವಾರ್ತೆ ಕೇಳಿಸಿರಿ. ಸಂಗತಿ ಮೊದಲೇ ತಿಳಿದಿರುವುದರಿಂದ ಕಿವಿ ಪದಗಳನ್ನು ಹಿಡಿಯುತ್ತದೆ. ಗದ್ದಲವಾದೀತೆಂದು ಮಾಸ್ತರರು ಅಂಜುವುದು ಬೇಡ. ಮುಖ್ಯಾಧ್ಯಾಪಕರು ಇಲ್ಲೇ ಕೂತಿದ್ದಾರೆ. ಇಂಗ್ಲಿಷ್ ಪಿರಿಯಡ್ಡಿನ ಗದ್ದಲಕ್ಕೆ ಅವರ ಅನುಮತಿಯನ್ನು ನಿಮ್ಮೆಲ್ಲರ ಎದುರಿಗೇ ಕೇಳುತ್ತಿದ್ದೇನೆ.