ಐನು ಜನರ ಹಾಡು ಮತ್ತು ಹೊಳೆ

(ಉಪನ್ಯಾಸವೊಂದರ ಲಿಖಿತ ರೂಪ)



ಸೈನ್ಯಬಲ, ಹಣಬಲಗಳಿಂದಲ್ಲದೆ ತನ್ನ ಸಂಸ್ಕೃತಿಯ ಆಕರ್ಷಣೆಯಿಂದ ಒಂದು ದೇಶ ಹೊರಗಿನವರ ಮನಸ್ಸನ್ನು ಗೆಲ್ಲುವುದಕ್ಕೆ ‘ಮೃದುಶಕ್ತಿ’ ಎನ್ನುತ್ತಾರೆ. ಜಪಾನು ಈ ವಿದ್ಯೆಯಲ್ಲಿ ಪಳಗಿದ ದೇಶ. ಆದರೆ ಅಲ್ಲಿನ ಒಂದು ಅಲ್ಪಸಂಖ್ಯಾತ ಜನಾಂಗದ ಸಂಸ್ಕೃತಿ ಹೀಗೆ ಪ್ರದರ್ಶನಕ್ಕೆ ಬಂದಾಗ ಆ ಜನಕ್ಕೆ ದಕ್ಕುವುದೇನು? ಉತ್ತರದ ಹೊಕ್ಕೈಡೋ ದ್ವೀಪದ ಐನು ಜನರ ಕಥೆಯಲ್ಲಿ ಇದಕ್ಕೆ ಉತ್ತರವಿದೆ.

ಅವರ ಭಾಷೆಯಲ್ಲಿ ‘ಐನು’ ಎಂದರೆ ಮನುಷ್ಯ. ಕರಡಿ, ಬೆಂಕಿ, ನೀರು ಎಲ್ಲದರಲ್ಲೂ ‘ಕಮುಯ್’ ಎಂಬ ದೈವವನ್ನು ಕಂಡವರು ಅವರು. 1869ರಲ್ಲಿ ಜಪಾನ್ ಸರ್ಕಾರ ಅವರ ನೆಲಕ್ಕೆ ಹೊಕ್ಕೈಡೋ ಎಂದು ಹೆಸರಿಟ್ಟು ತನ್ನದಾಗಿಸಿಕೊಂಡಿತು. ಹೆಂಗಸರ ಹಚ್ಚೆ, ಗಂಡಸರ ಕಿವಿಯೋಲೆಗಳಿಗೆ ನಿಷೇಧ ಬಂತು. ಹೊಳೆಯಲ್ಲಿ ಸಾಲ್ಮನ್ ಮೀನು ಹಿಡಿಯುವುದೂ ಅಪರಾಧವಾಯಿತು. ‘ರಕ್ಷಣೆ’ಯ ಹೆಸರಿನ 1899ರ ಕಾಯಿದೆ ಬೇಟೆಗಾರರನ್ನು ಬೇಸಾಯಕ್ಕೂ ಮಕ್ಕಳನ್ನು ಜಪಾನಿ ಶಾಲೆಗೂ ದೂಡಿತು. ಅದು ರದ್ದಾದದ್ದು 1997ರಲ್ಲಿ!

ವಿಚಿತ್ರವೆಂದರೆ, ಬದುಕಿನಿಂದ ಬಿಡಿಸಿದ ಆಚಾರಗಳನ್ನೇ ನೋಡಲು ಪ್ರವಾಸಿಗಳು ಬರತೊಡಗಿದರು. ಮರದಲ್ಲಿ ಕೆತ್ತಿದ ಕರಡಿ ಹೊಕ್ಕೈಡೋದ ನೆನಪಿನ ಕಾಣಿಕೆಯಾಯಿತು. ಶಿರಾವೋಯ್‌ಯಂಥ ಊರುಗಳಲ್ಲಿ ಕುಣಿತ ನಿತ್ಯದ ಪ್ರದರ್ಶನವಾಯಿತು. ‘ನಾವೇನು ನೋಡುವ ವಸ್ತುಗಳೇ?’ ಎಂದು ನೊಂದ ಐನುಗಳು ಹಲವರು. ಆದರೂ ಕೆತ್ತುವ ಕೈ, ಹಾಡುವ ಕಂಠ ಉಳಿದುಕೊಂಡದ್ದರಲ್ಲಿ ಈ ವ್ಯಾಪಾರದ ಪಾಲೂ ಇದೆ ಎಂಬುದನ್ನು ಅಲ್ಲಗಳೆಯಲಾಗದು.

ನಿಬುತಾನಿ ಎಂಬ ಹಳ್ಳಿಯ ಕಯಾನೊ ಶಿಗೆರು ಅವರನ್ನು ಇಲ್ಲಿ ನೆನೆಯಬೇಕು. ಮರ ಕಡಿದು, ಕೆತ್ತನೆ ಮಾಡಿ ಬದುಕಿದ ಅವರು ತಮ್ಮ ಜನರ ಹಳೆಯ ವಸ್ತುಗಳನ್ನು ಸಂಗ್ರಹಿಸಿದರು. 1972ರಲ್ಲಿ ಅವು ವಸ್ತುಸಂಗ್ರಹಾಲಯವಾದವು. 1983ರಲ್ಲಿ ಮಕ್ಕಳಿಗೆ ಐನು ಭಾಷೆಯ ಪಾಠ ಆರಂಭಿಸಿದರು. 1994ರಲ್ಲಿ ಜಪಾನ್ ಸಂಸತ್ತಿನ ಮೊದಲ ಐನು ಸದಸ್ಯರಾಗಿ, ಅಲ್ಲಿ ತಮ್ಮ ಭಾಷೆಯಲ್ಲೇ ಮಾತನಾಡಿದರು. ಅದೇ ಹಳ್ಳಿಯ ಅಣೆಕಟ್ಟಿನ ವಿರುದ್ಧ ಅವರೂ ಸೇರಿ ಹೂಡಿದ್ದ ಮೊಕದ್ದಮೆಯಲ್ಲಿ ಸಪ್ಪೊರೊ ಜಿಲ್ಲಾ ನ್ಯಾಯಾಲಯ 1997ರಲ್ಲಿ ತೀರ್ಪಿತ್ತಿತು. ಐನುಗಳು ಮೂಲನಿವಾಸಿಗಳು, ಭೂಸ್ವಾಧೀನ ಕಾನೂನುಬಾಹಿರ ಎಂದಿತು. ಆದರೆ ಅಷ್ಟರಲ್ಲಿ ಅಣೆಕಟ್ಟು ಎದ್ದು ನಿಂತಿತ್ತು!

ಈಚಿನ ಅಧ್ಯಾಯ ಇನ್ನೂ ಕುತೂಹಲಕಾರಿ. 2019ರ ಕಾಯಿದೆ ಐನುಗಳನ್ನು ಮೂಲನಿವಾಸಿಗಳೆಂದು ಮನ್ನಿಸಿತು. 2020ರ ಜುಲೈನಲ್ಲಿ ಶಿರಾವೋಯ್‌ಯ ಸರೋವರದ ದಡದಲ್ಲಿ ‘ಉಪೊಪೊಯ್’ ಎಂಬ ರಾಷ್ಟ್ರೀಯ ಕೇಂದ್ರ ತೆರೆಯಿತು. ಆ ಹೆಸರಿನ ಅರ್ಥ, ಎಲ್ಲರೂ ಕೂಡಿ ಹಾಡುವುದು. ಟೋಕಿಯೊ ಒಲಿಂಪಿಕ್ಸಿಗೆ ಬರುವ ಜಗತ್ತಿಗೆ ತೋರಿಸುವ ಉದ್ದೇಶ ಅದರ ಹಿಂದಿತ್ತು. ವರ್ಷಕ್ಕೆ 10 ಲಕ್ಷ ಪ್ರವಾಸಿಗಳು ಬರಬೇಕೆಂಬುದು ಸರ್ಕಾರದ ಗುರಿ. ಅಲ್ಲಿನ ಫಲಕಗಳಲ್ಲಿ ಐನು ಭಾಷೆಗೆ ಮೊದಲ ಸ್ಥಾನವಿದೆ, ಯುವಕರಿಗೆ ಉದ್ಯೋಗವಿದೆ. ಹಿಂದೆ ವಿದ್ವಾಂಸರು ಸಮಾಧಿಗಳಿಂದ ಅಗೆದು ವಿಶ್ವವಿದ್ಯಾಲಯಗಳಿಗೆ ಒಯ್ದಿದ್ದ ಐನು ಪೂರ್ವಿಕರ ಅಸ್ಥಿಗಳಿಗೂ ಅಲ್ಲೊಂದು ಸ್ಮಾರಕವಿದೆ. ಅವು ಊರಿನ ಮಣ್ಣಿಗೇ ಮರಳಬೇಕಿತ್ತೆಂಬ ಅಸಮಾಧಾನವೂ ಇದೆ.

ಹೊಳೆಯ ಮಾತೇನಾಯಿತು? ಪೂಜೆಗೆ ಬೇಕಾದ ಸಾಲ್ಮನ್ ಹಿಡಿಯಲು ಇಂದಿಗೂ ಸರ್ಕಾರದ ಅನುಮತಿ ಬೇಕು. ಜೀವನೋಪಾಯಕ್ಕಾಗಿ ಹಿಡಿಯುವ ಹಕ್ಕು ಕೇಳಿ ಐನುಗಳ ಒಂದು ಗುಂಪು 2020ರಲ್ಲಿ ಮೊಕದ್ದಮೆ ಹೂಡಿತು. 2024ರ ಏಪ್ರಿಲ್‌ನಲ್ಲಿ ಸಪ್ಪೊರೊ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಸಾಲ್ಮನ್ ಸಂಸ್ಕೃತಿಯನ್ನು ಪ್ರವಾಸಿಗೆ ತೋರಿಸಬಹುದು, ಅದೇ ಮೀನನ್ನು ಹಿಡಿದು ಬದುಕುವಂತಿಲ್ಲ!

ಪ್ರವಾಸೋದ್ಯಮವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ನೋಡುವವರು ಬಂದರೆ ಕಲಿಯುವವರಿಗೆ ಹುರುಪು, ನಾಚಿದವರಿಗೆ ಅಭಿಮಾನ ಬರುತ್ತದೆ. ಆದರೆ ಪ್ರವಾಸಿಯ ಕಣ್ಣಿಗೆ ಕಾಣುವುದು ಉಡುಪು, ಕುಣಿತ, ಕೆತ್ತನೆ. ಮನೆಯ ಮಾತು, ಹೊಳೆಯ ಹಕ್ಕು, ಹಿರಿಯರ ಅಸ್ಥಿ ಎಲ್ಲಿರಬೇಕೆಂಬ ನಿರ್ಧಾರ ಟಿಕೆಟ್ಟಿನೊಂದಿಗೆ ಬರುವುದಿಲ್ಲ. ಅವು ಆ ಜನರ ಕೈಯಲ್ಲಿಲ್ಲದಿದ್ದರೆ ದೇಶಕ್ಕೆ ಕೀರ್ತಿ ಬಂದೀತು, ಪರಂಪರೆ ಉಳಿಯಲಾರದು.