ಹೊಸ ಮೇಷ್ಟ್ರನ್ನು ಏನು ಕೇಳಬೇಕು?



ಜೂನ್ ತಿಂಗಳು ಶಾಲೆಗೆ ಹೊಸ ಮಕ್ಕಳು ಬರುವ ಕಾಲ. ಎಷ್ಟೋ ಶಾಲೆಗಳಿಗೆ ಹೊಸ ಮೇಷ್ಟ್ರು, ಹೊಸ ಮೇಡಂ ಬರುವುದೂ ಆಗಲೇ. ಬೆಳಗಿನ ಪ್ರಾರ್ಥನೆ ಮುಗಿಯುತ್ತಿದ್ದಂತೆ ಮುಖ್ಯೋಪಾಧ್ಯಾಯರು ಮುಂದೆ ಬಂದು, “ಮಕ್ಕಳೇ, ಇನ್ನು ಮುಂದೆ ನಿಮಗೆ ಗಣಿತ ಪಾಠ ಮಾಡುವವರು ಇವರು. ಎಂಎಸ್ಸಿ, ಬಿಎಡ್ ಓದಿದ್ದಾರೆ. ಊರು ವಿಜಯಪುರ” ಅನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ, ಸಾಲು ತರಗತಿಯ ಕಡೆ ತಿರುಗುತ್ತದೆ. ಅತಿಥಿ ಶಿಕ್ಷಕರಿಗೆ ಅನೇಕ ಕಡೆ ಇಷ್ಟೂ ಇಲ್ಲ. ಹಾಜರಿ ಪುಸ್ತಕ ಹಿಡಿದು ತರಗತಿಗೆ ಹೋದರೆ ಅದೇ ಅವರ ಪರಿಚಯ.

ಇನ್ನೊಂದು ಪರಿಚಯ ಮಧ್ಯಾಹ್ನ ಊಟದ ಹೊತ್ತಿಗೆ ಶಿಕ್ಷಕರ ಕೊಠಡಿಯಲ್ಲೋ, ಬಾಡಿಗೆ ಮನೆ ಹುಡುಕುವಾಗಲೋ ನಡೆಯುತ್ತದೆ. ಊರು ಕೇಳಿ, ಅಡ್ಡಹೆಸರು ಕೇಳಿ, ಕೊನೆಗೆ ದನಿ ತಗ್ಗಿಸಿ, “ನೀವು ಯಾವ ಪೈಕಿ?” ಎನ್ನುತ್ತಾರೆ. ಒಬ್ಬರ ಹಿನ್ನೆಲೆ ತಿಳಿಯಬೇಕೆಂದರೆ ನಮ್ಮಲ್ಲಿ ಬಹಳ ಮಂದಿಗೆ ಹೊಳೆಯುವ ಪ್ರಶ್ನೆ ಇದೊಂದೇ. ಇದಕ್ಕೆ ಉತ್ತರ ಸಿಕ್ಕಿದರೂ ತರಗತಿಯ ಮಗುವಿಗೆ ಕವಡೆಕಾಸಿನ ಉಪಯೋಗವಿಲ್ಲ.

ಹಾಗಾದರೆ ಕೇಳಬೇಕಾದ್ದೇನು?

ರವೀಂದ್ರನಾಥ ಠಾಕೂರರು 1901ರ ಡಿಸೆಂಬರಿನಲ್ಲಿ ಶಾಂತಿನಿಕೇತನದಲ್ಲಿ ಪುಟ್ಟದೊಂದು ಶಾಲೆ ತೆರೆದರು. ಅದಕ್ಕೆ ಮೇಷ್ಟ್ರುಗಳನ್ನು ಅವರು ಹುಡುಕಿದ ರೀತಿ ಕುತೂಹಲದ್ದು. ಠಾಕೂರ್ ಮನೆತನದ ಜಮೀನ್ದಾರಿ ಕಚೇರಿಯೊಂದು ಪತಿಸರ್ ಎಂಬ ಊರಿನಲ್ಲಿತ್ತು. ಹರಿಚರಣ ಬಂದ್ಯೋಪಾಧ್ಯಾಯ ಎಂಬ ಯುವಕ ಅಲ್ಲಿ ನೌಕರ. ಕಚೇರಿ ನೋಡಲು ಹೋದ ಠಾಕೂರರು ಅವರನ್ನು ವಿಚಾರಿಸಿದರು: ಹಗಲೆಲ್ಲ ಇಲ್ಲಿ ಕೆಲಸ ಸರಿ, ಸಂಜೆ ಏನು ಮಾಡುತ್ತೀರಿ? ಸಂಸ್ಕೃತ ಓದುತ್ತೇನೆ ಎಂಬ ಉತ್ತರ ಬಂತು. ಕೆಲಕಾಲದಲ್ಲೇ ಹರಿಚರಣರಿಗೆ ಶಾಂತಿನಿಕೇತನದಿಂದ ಕರೆ ಹೋಯಿತು. ಅವರು ಅಲ್ಲಿ ಸಂಸ್ಕೃತ ಕಲಿಸಿದರು. ಠಾಕೂರರ ಪ್ರೇರಣೆಯಿಂದಲೇ ಬಂಗಾಳಿ ನಿಘಂಟಿನ ಕೆಲಸಕ್ಕೂ ಕೈ ಹಾಕಿದರು. ದಶಕಗಳ ದುಡಿಮೆಯಿಂದ ಹೊರಬಂದ ಆ ‘ಬಂಗೀಯ ಶಬ್ದಕೋಶ’ ಇವತ್ತಿಗೂ ಬಂಗಾಳಿಯ ದೊಡ್ಡ ನಿಘಂಟುಗಳಲ್ಲಿ ಒಂದು.

ಜಗದಾನಂದ ರಾಯರೂ ಠಾಕೂರರ ಜಮೀನ್ದಾರಿಯಲ್ಲಿ ಕೆಲಸಕ್ಕಿದ್ದವರೇ. ಅವರು ಪತ್ರಿಕೆಗೆ ವಿಜ್ಞಾನದ ಲೇಖನ ಬರೆಯುತ್ತಿದ್ದುದು ಠಾಕೂರರ ಕಣ್ಣಿಗೆ ಬಿದ್ದಿತ್ತು. ಶಾಂತಿನಿಕೇತನದಲ್ಲಿ ಗಣಿತ, ವಿಜ್ಞಾನದ ಮೇಷ್ಟ್ರಾದ ಅವರು ಗ್ರಹ, ನಕ್ಷತ್ರ, ಹುಳುಹುಪ್ಪಟೆ, ಗಿಡಮರ, ಹಕ್ಕಿಗಳ ಬಗ್ಗೆ ಮಕ್ಕಳಿಗೆ ಅರ್ಥವಾಗುವ ಬಂಗಾಳಿಯಲ್ಲಿ ಪುಸ್ತಕಗಳನ್ನೇ ಬರೆದರು. 1908ರಲ್ಲಿ ಕ್ಷಿತಿಮೋಹನ ಸೇನರು ಬಂದರು. ಕಾಶಿಯಲ್ಲಿ ಬೆಳೆದವರು, ಹಿಮಾಲಯದ ಚಂಬಾ ಸಂಸ್ಥಾನದಲ್ಲಿ ಕೆಲಸ ಮಾಡಿದವರು, ಸಾಧುಸಂತರ ಬಾಯಿಂದ ಕಬೀರವಾಣಿ ಸಂಗ್ರಹಿಸಿದವರು. ಕಬೀರನ ಪದಗಳನ್ನು ಠಾಕೂರರು ಇಂಗ್ಲಿಷಿಗೆ ತಂದಾಗ ನೆರವಾದದ್ದು ಆ ಸಂಗ್ರಹ. ಮುಂದೆ ಇಂಗ್ಲೆಂಡಿನಿಂದ ಆಂಡ್ರೂಸ್, ಪಿಯರ್ಸನ್ ಬಂದರು, ಚಿತ್ರಕಾರ ನಂದಲಾಲ್ ಬೋಸ್ ಬಂದರು. ಜೂಡೋ ಕಲಿಸಲು ಜಪಾನಿನವರೂ ಬಂದರು.

ಠಾಕೂರರು ಈ ಮೇಷ್ಟ್ರುಗಳ ಹಿಂದಿನ ಕೆಲಸವನ್ನೂ ಹವ್ಯಾಸವನ್ನೂ ವಿಚಾರಿಸಿ ಸುಮ್ಮನಾಗಲಿಲ್ಲ ಎನ್ನುವುದು ಮುಖ್ಯ. ಅವು ಮಕ್ಕಳಿಗೆ ಮುಟ್ಟಲು ಜಾಗ ಮಾಡಿಕೊಟ್ಟರು, ಬಿಡುವು ಮಾಡಿಕೊಟ್ಟರು.

ನಮ್ಮಲ್ಲೂ ನೋಡಿ. ಪಂಜೆ ಮಂಗೇಶರಾಯರು ಬಂಟ್ವಾಳದವರು, ಮನೆಮಾತು ಕೊಂಕಣಿ. ಶಾಲಾ ತನಿಖಾಧಿಕಾರಿಯಾಗಿದ್ದವರು ಮಡಿಕೇರಿಯ ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾಗಿ ಹೋದರು. ಅಲ್ಲಿಗೆ ಅವರು ಹೊರಗಿನವರೇ. ಆ ಹೊರಗಿನ ಮೇಷ್ಟ್ರು ಬರೆದ ‘ಹುತ್ತರಿ ಹಾಡು’ ಕೊಡಗಿನವರು ತಮ್ಮದೆಂದು ಎದೆಯುಬ್ಬಿಸಿ ಹಾಡುವ ಹಾಡಾಯಿತು.

ಇವತ್ತು ಕರಾವಳಿಯ, ಮಲೆನಾಡಿನ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡುತ್ತಿರುವವರು ಉತ್ತರ ಕರ್ನಾಟಕದವರು. ಮೊದಲ ದಿನ ಅವರು “ಎಲ್ಲಾರೂ ಕುಂದರ್ರಿ” ಅಂದಾಗ ಮಕ್ಕಳು ಕಿಸಕ್ಕನೆ ನಗುತ್ತಾರೆ. ಮಕ್ಕಳ ನಗುವಿನಲ್ಲಿ ಕೇಡಿಲ್ಲ. ಆದರೆ ಆ ಮೇಷ್ಟ್ರಿಗೆ ಜೋಳದ ಹೊಲ ಗೊತ್ತು, ಎರೆಮಣ್ಣು ಗೊತ್ತು, ಸೋಬಾನೆ ಪದ, ಡೊಳ್ಳಿನ ಪದ ಗೊತ್ತಿರಬಹುದು. ಅಡಿಕೆ ತೋಟದ ನಡುವೆ ಬೆಳೆದ ಮಗುವಿಗೆ ಬಯಲುಸೀಮೆಯ ಭೂಗೋಳ ಹೇಳಲು ಅವರಿಗಿಂತ ಬೇರೆ ಯಾರು ಬೇಕು? ಶಿಕ್ಷಕರ ನೇಮಕಾತಿಗೆ ಮೊದಲು ಬ್ಯಾಂಕಿನಲ್ಲಿ ದುಡಿದವರಿದ್ದಾರೆ, ಸೈನ್ಯದಿಂದ ಬಂದವರಿದ್ದಾರೆ, ಅಪ್ಪನ ಮಗ್ಗದಲ್ಲಿ ಸೀರೆ ನೇಯ್ದವರಿದ್ದಾರೆ, ಯಕ್ಷಗಾನದ ವೇಷ ಕಟ್ಟಿದವರಿದ್ದಾರೆ. ಬಡ್ಡಿಯ ಲೆಕ್ಕ, ಗಡಿಯ ಚಳಿ, ಹಾಸು ಹೊಕ್ಕಿನ ಎಣಿಕೆ, ತಾಳದ ಮಾತ್ರೆ ಎಲ್ಲವೂ ಪಾಠವೇ.

ಹಳೆಯ ಅನುಭವ ಒಂದಿದ್ದರೆ ಸಾಕು, ಒಳ್ಳೆಯ ಮೇಷ್ಟ್ರಾಗಬಹುದು ಎಂದು ಮಾತ್ರ ಯಾರೂ ತಿಳಿಯಬಾರದು. ಕಲಿಸುವುದನ್ನೂ ಕಲಿಯಬೇಕು. ಡಿಎಡ್, ಬಿಎಡ್ ತರಬೇತಿ ಇರುವುದು ಅದಕ್ಕೇ. ಆದರೆ ಆ ತರಬೇತಿ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಬದುಕು ಒಬ್ಬೊಬ್ಬರದು ಒಂದೊಂದು. ಬಗೆಬಗೆಯ ಬದುಕು ಕಂಡವರು ಒಂದೇ ಸೂರಿನಡಿ ಪಾಠ ಮಾಡಿದರೆ, ಹಳ್ಳಿಯ ಮಗು ಊರು ಬಿಡದೆ ನಾಡು ನೋಡುತ್ತದೆ.

ಆದ್ದರಿಂದ ಮುಖ್ಯೋಪಾಧ್ಯಾಯರಲ್ಲಿ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸದಸ್ಯರಲ್ಲಿ ಒಂದು ವಿನಂತಿ. ಹೊಸ ಶಿಕ್ಷಕರನ್ನು ಪರಿಚಯಿಸುವಾಗ, ಅವರು ಅತಿಥಿ ಶಿಕ್ಷಕರೇ ಆಗಿರಲಿ, ಪದವಿಯ ಜೊತೆಗೆ ಅವರಿಗೆ ಪ್ರಿಯವಾದ ಒಂದು ವಿದ್ಯೆಯನ್ನೂ ಹೇಳಿ. ವಾರಕ್ಕೊಂದು ಪೀರಿಯಡ್ ಅದಕ್ಕೆ ಬಿಟ್ಟುಕೊಡಿ. ಪೋಷಕರೇ, ನಿಮ್ಮೂರಿಗೆ ಹೊಸ ಮೇಷ್ಟ್ರು ಬಂದರೆ ಜಾತಿ ಕೇಳಬೇಡಿ. “ಸಂಜೆ ಹೊತ್ತು ಏನು ಮಾಡ್ತೀರಿ ಸರ್?” ಎಂದು ಕೇಳಿ. ನಿಮ್ಮ ಮಕ್ಕಳಿಗೆ ಬೇಕಾದ ಉತ್ತರ ಸಿಗುವುದು ಆ ಪ್ರಶ್ನೆಗೆ.