ಒಂದೇ ಅಂಗಳದ ಎರಡು ಮೊರೆ



ಬ್ಯಾಕೋಡಿನ ದಾರಿ ಈಗ ಬದಲಾಗಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಿಕೊಂಡ ಮೇಲೆ ತುಮರಿ, ಬ್ಯಾಕೋಡು, ಸಿಗಂದೂರಿನವರು ಸಾಗರ ಪೇಟೆಗೆ ಬರಬೇಕಾದರೆ ಲಾಂಚ್ ಕಾಯಬೇಕಿತ್ತು. ಕೊನೆಯ ಲಾಂಚ್ ಹೋಯಿತೆಂದರೆ ಉಳಿದದ್ದು ಬೆಳಗಿನವರೆಗಿನ ಕಾಯುವಿಕೆ, ಇಲ್ಲವೇ ಬಲು ದೂರದ ಸುತ್ತುದಾರಿ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸೇತುವೆ ತೆರೆಯಿತು. ಹೊಳೆ ದಾಟಿದ್ದಾಯಿತು. ಇನ್ನೂ ದಾಟಲಾಗದ ಎರಡು ಹೊಳೆಗಳ ಬಗ್ಗೆ ಇವತ್ತು ಮಾತಾಡುತ್ತೇನೆ.

ಸಿಗಂದೂರು ಚೌಡೇಶ್ವರಿಯನ್ನು ಬಲ್ಲವರಿಗೆ ಒಂದು ಸಂಗತಿ ಗೊತ್ತು. ದೇವಿಯ ಕಾವಲಿದೆ ಎಂದು ಬರೆದ ಫಲಕ ಮಲೆನಾಡಿನ ಅಡಿಕೆ ತೋಟದಲ್ಲಿ, ಅಂಗಡಿಯ ಬಾಗಿಲಲ್ಲಿ, ಹೊಸ ಮನೆಯ ಗೋಡೆಯಲ್ಲಿ ತೂಗುತ್ತದೆ. ಸೊತ್ತು ಕಳವಾದವರು ಅವಳಿಗೆ ದೂರು ಕೊಡುತ್ತಾರೆ. ಮಕ್ಕಳಿಲ್ಲದವರು ಅದೇ ಅಂಗಳದಲ್ಲಿ ನಿಂತು ಹರಕೆ ಹೊರುತ್ತಾರೆ. ಮಡಿಲು ತುಂಬಲೆಂದು ಬೇಡುವವಳು, ಕಳ್ಳ ಸಿಗಲೆಂದು ಬೇಡುವವನು, ಇಬ್ಬರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಆದರೆ ಹರಕೆ ಹೊತ್ತವಳಿಗೆ ಮುಂದೆ ಆಸ್ಪತ್ರೆಯ ಖರ್ಚು ಏನಾಗುತ್ತದೆ, ಸಿಕ್ಕ ಕಳ್ಳ ಜೈಲಿನಲ್ಲಿ ಹೇಗಿದ್ದಾನೆ ಎಂದು ಆ ಸಾಲು ಕೇಳುವುದಿಲ್ಲ. ಕೇಳಬೇಕು ಎನ್ನುವುದೇ ನನ್ನ ಮಾತು.

ಮೊದಲು ಮಕ್ಕಳ ವಿಚಾರ. ಬದುಕಿನಲ್ಲಿ ಎಂದಾದರೂ ಬಂಜೆತನದ ತೊಂದರೆ ಎದುರಿಸುವವರು ಜಗತ್ತಿನಲ್ಲಿ ಆರು ಜನರಿಗೆ ಒಬ್ಬರು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಕಾರಣ ಗಂಡಿನಲ್ಲೂ ಇರಬಹುದು, ಹೆಣ್ಣಿನಲ್ಲೂ ಇರಬಹುದು, ಇಬ್ಬರಲ್ಲೂ ಇರಬಹುದು. ಆದರೂ ನಮ್ಮಲ್ಲಿ ಸೀಮಂತದ ಆರತಿಗೆ ಕರೆಯದೆ ಬಿಡುವುದು ಹೆಣ್ಣನ್ನು ಮಾತ್ರ. ಗಂಡನ ವೀರ್ಯ ಪರೀಕ್ಷೆ ಎಲ್ಲಕ್ಕಿಂತ ಸುಲಭದ್ದು, ಅಗ್ಗದ್ದು. ಅದನ್ನೇ ಕೊನೆಗೆ ಮಾಡಿಸುತ್ತಾರೆ. ಥೈರಾಯ್ಡ್, ಅಂಡಾಶಯದ ನೀರುಗುಳ್ಳೆ, ಸೋಂಕಿನಿಂದಲೋ ಕ್ಷಯದಿಂದಲೋ ಮುಚ್ಚಿಹೋದ ಗರ್ಭನಾಳ, ಇಂಥ ಎಷ್ಟೋ ಕಾರಣಗಳನ್ನು ಬೇಗ ಕಂಡುಹಿಡಿದರೆ ಚಿಕಿತ್ಸೆಯ ದಾರಿಯೂ ಬೇಗ ತೆರೆಯುತ್ತದೆ. ಮದುವೆಯಾಗಿ ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ಗಂಡ ಹೆಂಡತಿ ಇಬ್ಬರೂ ವೈದ್ಯರನ್ನು ಕಾಣಬೇಕು. ಹೆಣ್ಣಿಗೆ 35 ದಾಟಿದ್ದರೆ ಆರು ತಿಂಗಳೇ ಸಾಕು.

ಇದೆಲ್ಲ ಫಲಿಸದಿದ್ದಾಗ ಉಳಿಯುವುದು ಪ್ರನಾಳ ಶಿಶು ವಿಧಾನ, ಅಂದರೆ ಐವಿಎಫ್. ಖಾಸಗಿ ಆಸ್ಪತ್ರೆಯಲ್ಲಿ ಒಂದು ಸಲದ ಪ್ರಯತ್ನಕ್ಕೇ ಲಕ್ಷದ ಲೆಕ್ಕ. ಒಂದೇ ಸಲಕ್ಕೆ ಫಲಿಸುತ್ತದೆಂಬ ಭರವಸೆಯೂ ಇಲ್ಲ. ಆಯುಷ್ಮಾನ್ ಭಾರತ್ ಯೋಜನೆ ಬಡವರ ಎಷ್ಟೋ ದೊಡ್ಡ ಕಾಯಿಲೆಗಳಿಗೆ ಹಣ ಕೊಡುತ್ತದೆ, ಬಂಜೆತನದ ಚಿಕಿತ್ಸೆಯನ್ನು ಮಾತ್ರ ಹೊರಗಿಟ್ಟಿದೆ. ಹಾಗಾಗಿ ಕೂಲಿಯವರು ಒಡವೆ ಅಡವಿಡುತ್ತಾರೆ, ಇಲ್ಲವೇ ಆಸೆ ಬಿಡುತ್ತಾರೆ. ಪಕ್ಕದ ಗೋವಾದ ಸರ್ಕಾರಿ ವೈದ್ಯಕೀಯ ಕಾಲೇಜು 2023ರಿಂದ ಈ ಚಿಕಿತ್ಸೆಯನ್ನು ಉಚಿತವಾಗಿ ಕೊಡಲಾರಂಭಿಸಿತು. ಆಗದ ಕೆಲಸವೇನಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಈಗ ಎರಡನೆಯ ಹೊಳೆ, ಸೆರೆಮನೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಪ್ರತಿ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ತಪ್ಪು ಮಾಡಿದ್ದಾರೆಂದು ನ್ಯಾಯಾಲಯ ಇನ್ನೂ ಹೇಳಿರದ ಜನ. ಜಾಮೀನು ಮಂಜೂರಾದರೂ ಹೊರಬರಲಾರದವರಿದ್ದಾರೆ. ಏಕೆಂದರೆ ಜಾಮೀನು ನಿಲ್ಲುವವರ ಪಹಣಿ ಕೇಳುವುದು ರೂಢಿ. ಶರಾವತಿಯಲ್ಲಿ ಜಮೀನು ಮುಳುಗಿ, ಅರುವತ್ತು ವರ್ಷವಾದರೂ ಹಕ್ಕುಪತ್ರ ಸಿಗದ ಮನೆಗಳಿರುವ ಸೀಮೆಯಲ್ಲಿ ಆ ಮಾತಿನ ಭಾರ ವಿವರಿಸಬೇಕಾಗಿಲ್ಲ. ಪಹಣಿಯೇ ಇಲ್ಲದ ಅಣ್ಣ ತಮ್ಮನನ್ನು ಬಿಡಿಸಿಕೊಳ್ಳುವುದು ಹೇಗೆ?

ಇಲ್ಲೂ ದಾರಿಗಳಿವೆ. ಬಡ ಕೈದಿಗಳಿಗೆಂದು ಕೇಂದ್ರ ಸರ್ಕಾರ 2023ರಲ್ಲಿ ತಂದ ಯೋಜನೆಯಲ್ಲಿ ಜಾಮೀನಿಗೂ ದಂಡ ಕಟ್ಟಲೂ ಹಣದ ನೆರವಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗಿರದವನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರರಲ್ಲೊಂದು ಭಾಗ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದು ಅನ್ವಯಿಸದು. ಸೆರೆಯಲ್ಲಿರುವವರಿಗೆ ಕಾನೂನು ಸೇವೆ ಉಚಿತ. 15100ಕ್ಕೆ ಫೋನ್ ಮಾಡಿದರೆ ಸಾಕು.

ಈ ಎರಡು ಹೊಳೆಗಳು ಒಂದೆಡೆ ಕೂಡುತ್ತವೆ. 2018ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಪಾಳಯಂಕೋಟೆ ಜೈಲಿನ ಜೀವಾವಧಿ ಕೈದಿಯೊಬ್ಬರಿಗೆ ಬಂಜೆತನದ ಚಿಕಿತ್ಸೆಗೆಂದು ಎರಡು ವಾರ ರಜೆ ಕೊಟ್ಟಿತು. 2022ರಲ್ಲಿ ರಾಜಸ್ಥಾನ ಹೈಕೋರ್ಟ್, ತಾಯಿಯಾಗಬೇಕೆಂದ ಕೈದಿಯ ಹೆಂಡತಿಯ ಮೊರೆ ಕೇಳಿ 15 ದಿನ ಪೆರೋಲ್ ಕೊಡುವಾಗ ಹದಿನಾರು ಸಂಸ್ಕಾರಗಳಲ್ಲಿ ಗರ್ಭಾಧಾನವೂ ಒಂದೆಂದು ನೆನೆಯಿತು; ಯಹೂದಿ, ಕ್ರೈಸ್ತ, ಇಸ್ಲಾಂ ಧರ್ಮಗಳ ಮಾತನ್ನೂ ತಂದಿತು. 2023ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಐವಿಎಫ್ ಚಿಕಿತ್ಸೆಗೆ ನಾಲ್ಕು ವಾರ ಪೆರೋಲ್ ಕೊಟ್ಟಿತು. ನಮ್ಮ ಕರ್ನಾಟಕ ಹೈಕೋರ್ಟ್ 2024ರಲ್ಲಿ ಮಗು ಪಡೆಯಲೆಂದು ಕೈದಿಯೊಬ್ಬರಿಗೆ 30 ದಿನ ಬಿಡುವು ಕೊಟ್ಟಿತು. ಗಂಡನ ತಪ್ಪಿಗೆ ಹೆಂಡತಿಯ ಮಡಿಲು ಬರಿದಾಗಬಾರದು ಎಂಬ ನ್ಯಾಯ ಈ ಆದೇಶಗಳ ಹಿಂದಿದೆ. ಅವನಿಂದ ನೊಂದ ಮನೆಯ ದುಃಖವನ್ನು ಮರೆಯಬೇಕೆಂದು ಇದರ ಅರ್ಥವಲ್ಲ. ಅದಕ್ಕೇ ಇವೆಲ್ಲ ದಿನ ಎಣಿಸಿ, ಷರತ್ತು ಹಾಕಿ ಕೊಟ್ಟ ಬಿಡುವುಗಳು.

ಧರ್ಮಕ್ಕೆ ಜೈಲಿನ ಬಾಗಿಲು ಹೊಸದಲ್ಲ. ಕ್ವೇಕರ್ ಪಂಥದ ಎಲಿಜಬೆತ್ ಫ್ರೈ 1813ರಲ್ಲಿ ಲಂಡನ್ನಿನ ನ್ಯೂಗೇಟ್ ಜೈಲಿಗೆ ಹೋಗಿ ಹೆಣ್ಣು ಕೈದಿಗಳ ಪಾಡು ಕಂಡರು, ಮುಂದೆ ಅವರಿಗಾಗಿ ಸಂಘ ಕಟ್ಟಿದರು. ನಮ್ಮ ದೇಶದಲ್ಲಿ 1975ರಲ್ಲೇ ಜೈಪುರದ ಜೈಲಿನಲ್ಲಿ ಧ್ಯಾನಗುರು ಗೋಯೆಂಕಾ ಅವರ ವಿಪಶ್ಯನ ಧ್ಯಾನ ಶಿಬಿರ ನಡೆಯಿತು. 1994ರಲ್ಲಿ ತಿಹಾರ್ ಜೈಲಿನ ಸಾವಿರಕ್ಕೂ ಹೆಚ್ಚು ಕೈದಿಗಳು ಅದೇ ಧ್ಯಾನಕ್ಕೆ ಒಟ್ಟಿಗೆ ಕುಳಿತರು. ಕ್ಯಾಥೊಲಿಕ್ ಚರ್ಚಿನ ಪ್ರಿಸನ್ ಮಿನಿಸ್ಟ್ರಿ ಇಂಡಿಯಾ ಕೈದಿಗಳ ಜೊತೆಗೆ ಅವರ ಮಕ್ಕಳನ್ನೂ ನೋಡಿಕೊಳ್ಳುತ್ತದೆ. ಅದೇ ಚರ್ಚು ಐವಿಎಫ್ ಒಪ್ಪುವುದಿಲ್ಲ. ಇರಲಿ. ಥೈರಾಯ್ಡ್ ಪರೀಕ್ಷೆಗೂ ಸೋಂಕಿನ ಮದ್ದಿಗೂ ಯಾವ ಧರ್ಮದ ಅಡ್ಡಿಯೂ ಇಲ್ಲ. ಒಪ್ಪಿದಷ್ಟು ದೂರ ಎಲ್ಲರೂ ಕೂಡಿ ನಡೆಯಬಹುದು.

ಸಂಕ್ರಾಂತಿಗೆ ಸಿಗಂದೂರಿನಲ್ಲಿ ಜಾತ್ರೆ. ದೇವಸ್ಥಾನ, ಮಠ, ಮಸೀದಿ, ಚರ್ಚು, ಬಸದಿಗಳ ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟು. ಜನ ಸೇರುವ ಇಂಥ ದಿನಗಳಲ್ಲಿ ವೈದ್ಯರನ್ನೂ ಕಾನೂನು ಸೇವಾ ಸಮಿತಿಯ ವಕೀಲರನ್ನೂ ಕರೆಸಿ ಕೂರಿಸಿ. ಜಿಲ್ಲಾಸ್ಪತ್ರೆಗಳಲ್ಲಿ ಬಂಜೆತನದ ಚಿಕಿತ್ಸೆ ಬಡವರ ಕೈಗೆಟುಕಬೇಕೆಂದು, ಜಾಮೀನಿಲ್ಲದೆ ಕೊಳೆಯುತ್ತಿರುವವರ ಪಟ್ಟಿ ತೆಗೆಯಬೇಕೆಂದು ಸರ್ಕಾರಕ್ಕೆ ಕೂಡಿ ಮನವಿ ಬರೆಯಿರಿ. ಹರಕೆಯನ್ನು ಒಬ್ಬೊಬ್ಬರೇ ಹೊರುತ್ತೇವೆ, ಹಕ್ಕನ್ನು ಊರೇ ಸೇರಿ ಕೇಳಬೇಕಾಗುತ್ತದೆ.

ಕೇಳುಗರಲ್ಲೂ ಒಂದು ಮಾತು. ಮುಂದಿನ ಸೀಮಂತಕ್ಕೆ ಮಕ್ಕಳಿಲ್ಲದ ಅಕ್ಕನನ್ನೂ ಕರೆಯಿರಿ. ಆರತಿ ತಟ್ಟೆಯನ್ನು ಅವಳ ಕೈಗೂ ಕೊಡಿ. ಜೈಲಿನಿಂದ ಮರಳಿದವನಿಗೆ ತೋಟದಲ್ಲಿ ಕೆಲಸ ಕೊಡಿ. ಇದಕ್ಕೆ ಸರ್ಕಾರದ ಆದೇಶ ಕಾಯಬೇಕಾಗಿಲ್ಲ.